ನಲವತ್ತು ತಲೆ ಬೇಕಾಗಿದ್ದ ಅಧ್ಯಕ್ಷ

ಅಧ್ಯಕ್ಷನಾದವನಿಗೆ ನೆಮ್ಮದಿಯ ವಾರ ಅಂತ ಒಂದು ಇರುವುದಿಲ್ಲ. ಏನಾದರೊಂದು ಆಗುತ್ತಲೇ ಇರುತ್ತದೆ, ಅದರಲ್ಲೂ ಎಲ್ಲರ ಕೈ ಬಿಗಿಯಾಗಿರುವ ಈ ಕಾಲದಲ್ಲಿ. ಅನುಭವಿಸುವಾಗ ನಿದ್ದೆ ಕೆಡಿಸಿದ ಸಂಗತಿಗಳನ್ನೇ ಈಗ ಹೇಳಿದರೆ ಜನ ನಗುತ್ತಾರೆ. ನನಗೂ ನಗು ಬರುತ್ತದೆ, ಸ್ವಲ್ಪ ತಡವಾಗಿ.

ಪಟ್ಟ ಕಟ್ಟಿದ್ದು

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹುಬ್ಬಳ್ಳಿಯ ಖಾನಾವಳಿ, ಮುಂಬೈಯ ಟ್ಯಾಕ್ಸಿ, ಮಸ್ಕತ್ತಿನ ಹೋಟೆಲು, ಎಲ್ಲೂ ಎರಡು ವರ್ಷ ನಿಂತವನಲ್ಲ. ಹೆಂಡತಿ ನರ್ಸು. ಅವಳಿಗೆ ಇಂಗ್ಲಿಷರ ನಾಡಿನ ಶೆಫೀಲ್ಡಿನಲ್ಲಿ ಕೆಲಸ ಸಿಕ್ಕಿತು, ನಾನೂ ಹಿಂದೆಯೇ ಬಂದೆ. ಈಗ ಪಾರ್ಸೆಲ್ ವ್ಯಾನು ಓಡಿಸುತ್ತೇನೆ.

ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ಬ್ರೂಮ್‌ಹಿಲ್ ಬಡಾವಣೆಯ ಡಾಕ್ಟರೊಬ್ಬರು ಬಹಳ ವರ್ಷ ಅಧ್ಯಕ್ಷರಾಗಿದ್ದರು. ಧಾರವಾಡದವರು. ಮನೆ ಬೆಚ್ಚಗಿಡುವ ಗ್ಯಾಸಿನ ಬಿಲ್ಲು ಏರಿತು, ಕೆಲವರ ಕೆಲಸ ಹೋಯಿತು, ಉಳಿದವರಿಗೆ ಹೋದೀತೆಂಬ ಭಯ ಹಿಡಿಯಿತು. ಕಾರ್ಯಕ್ರಮಕ್ಕೆ ಬರುವವರೇ ಇಲ್ಲವಾದರು. ಡಾಕ್ಟರು ಒಂದು ಭಾನುವಾರ ಮನೆಯಲ್ಲೇ ಸಭೆ ಕರೆದು, "ನನ್ನ ಕೈಲೆ ಇನ್ನ ಆಗೂದಿಲ್ರಿ. ಯಾರರೆ ತಗೋರಿ" ಅಂದರು. ಎಲ್ಲರೂ ಕಾರ್ಪೆಟ್ಟಿನ ಡಿಸೈನು ನೋಡತೊಡಗಿದರು.

ಅಷ್ಟರಲ್ಲಿ ಪಕ್ಕದ ಮನೆಯಾತ ಬೆಲ್ ಒತ್ತಿದ. ನನ್ನ ವ್ಯಾನು ಅವನ ಗೇಟಿಗೆ ಅಡ್ಡ ನಿಂತಿತ್ತು. ಹೋಗಿ ತೆಗೆದೆ. ಬ್ರೂಮ್‌ಹಿಲ್‌ನಲ್ಲಿ ವ್ಯಾನಿಗೆ ಜಾಗ ಹುಡುಕುವುದೆಂದರೆ ಕಾಲು ಗಂಟೆಯ ಕೆಲಸ. ವಾಪಸು ಬಂದರೆ ಒಳಗೆ ಜೋರು ಚಪ್ಪಾಳೆ. ಸದ್ಯ, ಯಾರೋ ಸಿಕ್ಕರು ಅಂತ ನಾನೂ ಖುಷಿಯಿಂದ ತಟ್ಟಿದೆ.

"ಯಾರಾದ್ರು ಸಾರ್?"

"ನೀವ ರೀ!" ಅಂದರು ಡಾಕ್ಟರು. "ಹೆಂಗೂ ವ್ಯಾನ್ ತಗೊಂಡು ಊರೂರು ತಿರಗತೀರಿ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ವರ್ಷದ ಹುದ್ದೆ?"

"ಎರಡು."

"ಊರು ಬಿಡೋವಾಗ ತೊಂದರೆ ಅಂತ ಮದುವೆಯಾದ ಹನ್ನೆರಡು ವರ್ಷದಲ್ಲಿ ಒಂದು ಸೋಫಾ ಕೊಂಡಿಲ್ಲ ನೀವು. ಪಾಪ, ಅವರಿಗೆ ಯಾರೂ ಹೇಳಿಲ್ಲ ಅನ್ಸುತ್ತೆ."

ಅರ್ಧ ಡಾಕ್ಟರು

ಪಟ್ಟ ಕಟ್ಟಿ ಮೂರೇ ದಿನಕ್ಕೆ ಮೊದಲ ಪೆಟ್ಟು. ನಾವು ಕಾರ್ಯಕ್ರಮ ಮಾಡುವುದು ಒಂದು ಚರ್ಚಿನ ಹಾಲ್‌ನಲ್ಲಿ. ಹಾಲ್ ನೋಡಿಕೊಳ್ಳುವ ಮೇಡಂ ಬಹಳ ಒಳ್ಳೆಯ ಹೆಂಗಸು. ಒಳ್ಳೆಯವರು ಕೆಟ್ಟ ಸುದ್ದಿಯನ್ನು ಬಿಸ್ಕತ್ತು ಕೊಟ್ಟು ಹೇಳುತ್ತಾರೆ. ಎರಡು ಬಿಸ್ಕತ್ತು ಕೊಟ್ಟು ಹೇಳಿದರು: ಅಷ್ಟು ದೊಡ್ಡ ಹಾಲ್ ಅನ್ನು ಹತ್ತು ಜನಕ್ಕಾಗಿ ಬೆಚ್ಚಗಿಡುವುದು ಚರ್ಚಿಗೆ ಕಷ್ಟ. ನಲವತ್ತು ಜನ ಬಂದರೆ ಸರಿ. ಸಂಕ್ರಾಂತಿಯ ದಿನ ತಾವೇ ಬಂದು ಎಣಿಸುತ್ತಾರೆ. ಕಡಿಮೆಯಾದರೆ ಇನ್ನು ಮುಂದೆ ನಮಗೆ ಹಾಲ್ ಇಲ್ಲ.

ಬೇರೆ ಹಾಲ್‌ನ ಬಾಡಿಗೆ ನಮ್ಮ ಕೈಗೆ ಎಟುಕುವಂಥದಲ್ಲ. ಹಾಲ್ ಹೋದರೆ ಸಂಘ ಹೋದಂತೆ. ಅಷ್ಟು ಹಳೆಯ ಸಂಘ, ಶಾಲೆಯನ್ನೇ ಮುಗಿಸದ ನನ್ನ ಕೈಯಲ್ಲಿ ಮುಗಿಯಿತು ಅನ್ನಿಸಿಕೊಳ್ಳಬೇಕು. ಅವತ್ತಿನಿಂದ ಎಲ್ಲಿ ಜನ ಕಂಡರೂ ಎಣಿಸುವ ಚಾಳಿ ಹತ್ತಿತು. ಬಸ್ ಸ್ಟಾಪಿನಲ್ಲಿ ಒಂಬತ್ತು. ಮೀನಿನ ಅಂಗಡಿಯಲ್ಲಿ ನಾಲ್ಕು.

ಮೊದಲು ಡಾಕ್ಟರ ಮನೆಗೇ ಹೋದೆ, ನೋಟ್‌ಬುಕ್ಕು ಹಿಡಿದು. "ಸಾರ್, ನೀವಿಬ್ಬರೂ ಬರ್ತೀರಲ್ಲ?"

"ಅವತ್ತ ಆಸ್ಪತ್ರಿ ಡ್ಯೂಟಿ ಪಟ್ಟಿಯೊಳಗ ನಾ ಆನ್‌ಕಾಲ್ ಇದ್ದೀನಿ. ಫೋನ್ ಬಂತಂದ್ರ ಎದ್ದು ಹೋಗಬೇಕಾಗ್ತದ," ಡಾಕ್ಟರು ಗಲ್ಲ ತುರಿಸಿದರು. "ನನ್ನ ಅರ್ಧಾ ಅಂತ ಹಿಡಕೋರಿ."

ಮೇಡಂ ಅರ್ಧ ತಲೆ ಎಣಿಸುತ್ತಾರೋ ಇಲ್ಲವೋ ಅಂತ ನಾನು ಪೆನ್ನು ಎತ್ತಿ ಯೋಚಿಸುತ್ತಾ ನಿಂತೆ. ಒಳಗಿಂದ ಡಾಕ್ಟರ ಹೆಂಡತಿ ಚಹಾ ತಂದಿಟ್ಟು ಅಂದರು:

"ಬರಕೋರಿ ಅಧ್ಯಕ್ಷರ. ಮನ್ಯಾಗೂ ಅವರು ಅಷ್ಟ ಇರೋದು."

ಕೋಟು

ಡೆಲಿವರಿಗೆ ಸಾಲ್ಫರ್ಡ್ ಕಡೆ ಹೋದಾಗ ಅಲ್ಲಿನ ಫ್ಲ್ಯಾಟೊಂದಕ್ಕೆ ಹೋದೆ. ಗಂಡ ಹೆಂಡತಿ ಇಬ್ಬರೂ ಐಟಿ, ಬೆಂಗಳೂರಿನವರು. ಐದಾರು ವರ್ಷದ ಮಗಳಿದ್ದಾಳೆ. ಬಾಗಿಲು ತೆಗೆದರೆ ಮೂವರೂ ಕೋಟು, ಟೋಪಿ, ಮಫ್ಲರು ಹಾಕಿಕೊಂಡು ತಯಾರಾಗಿ ನಿಂತಿದ್ದಾರೆ.

"ಅಯ್ಯೋ, ಹೊರಟಿದ್ರಾ? ಒಂದೇ ನಿಮಿಷ, ಮುಗಿಸಿಬಿಡ್ತೀನಿ," ಅಂತ ನಾನು ನಿಂತಲ್ಲೇ, ಉಸಿರು ಬಿಡದೆ ಸಂಕ್ರಾಂತಿ, ಹಾಲ್, ನಲವತ್ತು ತಲೆ ಎಲ್ಲ ಒದರಿದೆ.

ಗಂಡ ಸಂಕೋಚದಿಂದ ಹೇಳಿದ, "ಬರಬೇಕು ಅಂತಾನೇ ಇದೆ ಸಾರ್. ಆದ್ರೆ ನಮ್ಮ ಟೀಮಲ್ಲಿ ಯಾರನ್ನ ತೆಗೀತಾರೆ ಅಂತ ಆ ವಾರಾನೇ ಗೊತ್ತಾಗೋದು. ಮನಸ್ಸು ಸರಿ ಇರಲ್ಲ."

"ಕೆಲಸ ಉಳಿದ್ರೆ ಖುಷಿಗೆ ಬನ್ನಿ. ಹೋದ್ರೆ ಊಟಕ್ಕೆ ಬನ್ನಿ," ಅಂದೆ. ಬಾಯಿ ತಪ್ಪಿ ಬಂದುಬಿಟ್ಟಿತು. ಪುಣ್ಯಕ್ಕೆ ಅವನು ನಕ್ಕ.

ಅವನ ಹೆಂಡತಿ ಮಗಳಿಗೆ ಪರಿಚಯ ಮಾಡಿಸಿದಳು, "ಪುಟ್ಟಿ, ಇವರು ನಮ್ಮ ಪ್ರೆಸಿಡೆಂಟು." ಪುಟ್ಟಿ ನನ್ನನ್ನು ಬೂಟಿನಿಂದ ತಲೆಯವರೆಗೂ ನೋಡಿ, ಇಂಗ್ಲಿಷಿನಲ್ಲಿ, "ಹಾಗೆ ಕಾಣಲ್ಲ" ಅಂದಳು.

"ಸರಿ, ನಿಮಗೆ ಲೇಟಾಗುತ್ತೆ, ಹೊರಡಿ," ಅಂದೆ.

"ಎಲ್ಲಿಗೆ ಸಾರ್? ಈಗ ತಾನೇ ಮನೆಗೆ ಬಂದ್ವಿ," ಅಂದಳು ಪುಟ್ಟಿಯ ಅಮ್ಮ. "ಆಫೀಸಲ್ಲಿ ಬೆಚ್ಚಗಿರುತ್ತೆ, ಅಲ್ಲಿ ಕೋಟು ತೆಗೀತೀವಿ. ಮನೆಗೆ ಬಂದ ತಕ್ಷಣ ಹಾಕ್ಕೋತೀವಿ."

ಲಫ್‌ಬರೋ ವಿದ್ಯಾವಂತರು

ಲಫ್‌ಬರೋದಲ್ಲಿ ಒಂದೇ ಮನೆಯಲ್ಲಿ ಏಳು ಹುಡುಗರು, ಎಲ್ಲರೂ ಎಂಜಿನಿಯರಿಂಗ್ ಮಾಸ್ಟರ್ಸ್ ಓದುವವರು. ಮಂಗಳೂರು, ಬೀದರ್, ದಾವಣಗೆರೆ, ಎಲ್ಲ ಕಡೆಯವರೂ ಇದ್ದರು. "ಎಷ್ಟು ಜನ ಬರ್ತೀರಪ್ಪ?" ಅಂದರೆ "ಏನು ಊಟ ಸಾರ್?" ಅಂದರು.

"ಪೊಂಗಲ್ಲು, ಬಿಸಿಬೇಳೆಬಾತು."

ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಬ್ಬ ಹೇಳಿದ, "ಇಷ್ಟಕ್ಕೆ ಏಳು ಸಾರ್. ಹೋಳಿಗೆ ಇದ್ರೆ ಹದಿನಾಲ್ಕು ಮಾಡಿಕೊಡ್ತೀವಿ."

ಹೋಳಿಗೆ ಅಂತ ಬರೆದುಕೊಂಡೆ. ಹೆಂಡತಿಗೆ ಹೇಳುವುದು ಹೇಗೆ ಅಂತ ಆಗಲೇ ಚಿಂತೆ ಶುರುವಾಯಿತು.

ಹೊರಡುವಾಗ ದಾವಣಗೆರೆಯ ಹುಡುಗ ವ್ಯಾನಿನವರೆಗೂ ಬಂದ. ನೂರಾರು ಅರ್ಜಿ ಹಾಕಿದ್ದಾನಂತೆ, ಎಲ್ಲೂ ಕೆಲಸವಿಲ್ಲ. ಅಧ್ಯಕ್ಷರ ಶಿಫಾರಸು ಪತ್ರ ಬೇಕಂತೆ.

"ಮಗಾ, ನನಗೆ ಇಂಗ್ಲಿಷಲ್ಲಿ ಪೋಸ್ಟ್‌ಕೋಡ್ ಬಿಟ್ಟು ಬೇರೇನೂ ಬರೆಯೋಕೆ ಬರಲ್ಲ."

"ನಾನೇ ಬರ್ಕೋತೀನಿ ಸಾರ್, ನೀವು ಸೈನ್ ಹಾಕಿ," ಅಂದವನು, ವ್ಯಾನು ತಟ್ಟಿ ನೋಡುತ್ತಾ ಮೆಲ್ಲಗೆ ಕೇಳಿದ, "ಅಂದ ಹಾಗೆ ಸಾರ್, ನಿಮ್ಮ ಕಂಪನಿಯಲ್ಲಿ ಏನಾದ್ರೂ ಖಾಲಿ ಇದೆಯಾ?"

ಸಂಜೆ ಡಿಪೋದಲ್ಲಿ ಮ್ಯಾನೇಜರನ್ನು ವಿಚಾರಿಸಿದೆ. ಅವನು ತಲೆ ಅಲ್ಲಾಡಿಸಿದ. ಅಷ್ಟು ಓದಿದವರು ಹೆಚ್ಚು ದಿನ ನಿಲ್ಲುವುದಿಲ್ಲ, ಹಾಗಾಗಿ ತಗೊಳ್ಳಲ್ಲ ಅಂದ. ಎಂಟನೇ ಕ್ಲಾಸಿನ ನನ್ನ ಮೇಷ್ಟ್ರು ಬದುಕಿದ್ದರೆ ಅವತ್ತೇ ಫೋನ್ ಮಾಡುತ್ತಿದ್ದೆ.

ಭಾಷಣ

ಸಂಕ್ರಾಂತಿ ಬಂತು. ಹೊರಗೆ ಹಿಮ ಬೀಳುವ ಹಾಗೆ ಕತ್ತಲೆ ಕವಿದಿತ್ತು. ಹನ್ನೊಂದಕ್ಕೆ ದೀಪ ಹಚ್ಚಿದಾಗ ಹಾಲಿನಲ್ಲಿ ಒಂಬತ್ತು ಜನ, ನಾನು ಹೆಂಡತಿ ಸೇರಿ. ಮತ್ತೊಮ್ಮೆ ಎಣಿಸಿದೆ, ಒಂಬತ್ತೇ. ಹೆಂಡತಿ ಬೈದಳು, "ಊಟ ಎಷ್ಟು ಗಂಟೆಗೆ ಅಂತ ಹಾಕಿದ್ರಿ?"

"ಹನ್ನೆರಡೂವರೆ."

"ಮತ್ತೆ? ಹನ್ನೆರಡೂವರೆಗೆ ಬರ್ತಾರೆ."

ಬಂದರು. ಹನ್ನೆರಡೂ ಇಪ್ಪತ್ತೈದಕ್ಕೆ ಬಾಗಿಲಲ್ಲಿ ನೂಕುನುಗ್ಗಲು. ಸಾಲ್ಫರ್ಡಿನ ಮೂವರು, ಲಫ್‌ಬರೋದ ಹದಿನಾಲ್ಕು, ಗುರುತೇ ಇಲ್ಲದವರು ಎಷ್ಟೋ ಜನ. ಡಾಕ್ಟರು ಇಡಿಯಾಗಿಯೇ ಬಂದಿದ್ದರು. ಒಂದು ಗಂಟೆಗೆ ಮೇಡಂ ಬಂದು ಎಣಿಸಿದರೆ ಮುಗಿಯಿತು.

ಒಂದು ಗಂಟೆಗೆ ಮೇಡಂ ಬರಲಿಲ್ಲ, ಫೋನು ಬಂತು. ಬಸ್ಸಿನ ತೊಂದರೆ, ಬರುವುದು ಮೂರಾಗುತ್ತದಂತೆ.

ನಮ್ಮ ಜನ ನನಗೆ ಗೊತ್ತಿಲ್ಲವೇ? ಉಂಡರು, ಡಬ್ಬಿಗೆ ತುಂಬಿಕೊಂಡರು, ಹೊರಟರು. ಆಗಲೇ ಒಬ್ಬರು ಹೋಳಿಗೆಗೆ ಫಾಯಿಲ್ ಸುತ್ತುತ್ತಿದ್ದರು. ಡಾಕ್ಟರು ನನ್ನ ಬೆನ್ನಿಗೆ ಕೈ ಇಟ್ಟು ತಳ್ಳಿದರು, "ಹತ್ರಿ ಸ್ಟೇಜ್. ಏನರೆ ಮಾತಾಡ್ರಿ, ಜನಾನ್ನ ಹಿಡೀರಿ!"

ನಾನು ಜನ್ಮದಲ್ಲಿ ಮೈಕು ಹಿಡಿದವನಲ್ಲ. ಹೆಂಡತಿ ಬರೆದುಕೊಟ್ಟ ನಾಲ್ಕು ಸಾಲಿನ ಚೀಟಿ ಅರ್ಧ ನಿಮಿಷಕ್ಕೆ ಮುಗಿಯಿತು. ಕೋಟಿನ ಕಡೆ ಯಾರ ಕೈ ಹೋಗುತ್ತದೋ ಅಂತ ನೋಡುತ್ತಾ, ಬೆವರುತ್ತಾ, ತೋಚಿದ್ದು ಹೇಳತೊಡಗಿದೆ. ಖಾನಾವಳಿಯಲ್ಲಿ ಸಾರಿಗೆ ಸಕ್ಕರೆ ಹಾಕಿದ್ದು, ಟ್ಯಾಕ್ಸಿಯಲ್ಲಿ ಮದುಮಗನನ್ನು ಬೇರೆ ಛತ್ರಕ್ಕೆ ಇಳಿಸಿದ್ದು.

ಆಶ್ಚರ್ಯ! ಒಬ್ಬರೂ ಏಳಲಿಲ್ಲ. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು. ಜನ ಕೋಟು ಬಿಚ್ಚಿಟ್ಟು ಕಾಲು ಚಾಚಿ ಕೂತರು. ನನಗೆ ಧೈರ್ಯ ಬಂತು. ಧೈರ್ಯ ಬಂದಮೇಲೆ ಗತ್ತೂ ಬಂತು. ನನ್ನೊಳಗೆ ಇಂಥ ಭಾಷಣಕಾರ ಇದ್ದದ್ದು ನನಗೇ ಗೊತ್ತಿರಲಿಲ್ಲ.

ಮೂರು ದಾಟಿದ ಮೇಲೆ ಮೇಡಂ ಹಿಂದಿನ ಬಾಗಿಲಿಂದ ಬಂದರು. ಬೆರಳು ತೋರಿಸುತ್ತಾ ಎರಡು ಸಲ ಎಣಿಸಿ, ಅಲ್ಲಿಂದಲೇ ಹೆಬ್ಬೆರಳು ಎತ್ತಿದರು. ನಾನಾಗಲೇ ಸ್ಟೇಜಿನಿಂದ ಎಣಿಸಿಕೊಂಡಿದ್ದೆ: ಎದುರಿಗೆ ಅರುವತ್ತಮೂರು! ಹಾಲ್ ಉಳಿಯಿತು. ಕಣ್ಣಲ್ಲಿ ನೀರು ಬಂತು. "ಇಲ್ಲಿಗೆ ನನ್ನ ಎರಡು ಮಾತು ಮುಗಿಸುತ್ತೇನೆ," ಅಂದೆ.

ಗೋಡೆಯ ರೇಡಿಯೇಟರಿಗೆ ಬೆನ್ನು ಆನಿಸಿ ಕೂತಿದ್ದ ಮೈಸೂರಿನ ಅಜ್ಜಿಯೊಬ್ಬರು ಗಾಬರಿಯಿಂದ ಕೂಗಿದರು, "ಅಯ್ಯೋ, ಯಾಕಪ್ಪಾ ನಿಲ್ಲಿಸ್ತೀಯ? ಇದು ನಾಲ್ಕು ಗಂಟೆವರೆಗೂ ಬಿಸಿ ಇರುತ್ತಂತೆ! ನೀನು ಮುಗಿಸಿದ್ರೆ ಎಲ್ಲಾರೂ ಆ ಕೊರೆಯೋ ಮನೆಗೆ ಹೋಗ್ಬೇಕು. ಏನಾದ್ರೂ ಹೇಳ್ತಾ ಇರು, ನಾವೇನು ಕೇಳ್ತಾ ಇಲ್ಲ."

ಇಡೀ ಹಾಲ್ ತಲೆಯಾಡಿಸಿತು. ಮೇಡಂ ಸ್ಟೇಜಿನ ಹತ್ತಿರ ಬಂದು, ಆಕೆ ಏನಂದರು ಅಂತ ಕೇಳಿದರು.

"ಇನ್ನೂ ಮಾತಾಡು ಅಂತಿದ್ದಾರೆ," ಅಂದೆ. ಸುಳ್ಳೇನಲ್ಲ. ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡು, ನಿಮ್ಮಂಥ ಭಾಷಣಕಾರರು ನಮ್ಮ ಚರ್ಚಿನಲ್ಲೂ ಇದ್ದಿದ್ದರೆ ಅಂದರು.

ಮತ್ತೆ ಮೈಕು ಹಿಡಿದೆ. ಒಂದು ಕಾಲದಲ್ಲಿ ಸರಕು ಹಡಗಿನ ಅಡುಗೆಮನೆಯಲ್ಲಿದ್ದೆ. ಒಂದು ಸಂಜೆ ಪಾತ್ರೆ ತೊಳೆದ ನೀರು ಚೆಲ್ಲಲು ಹೋಗಿ ಕಾಲು ಜಾರಿ ಸಮುದ್ರಕ್ಕೆ ಬಿದ್ದ ಕಥೆ ತೆಗೆದೆ. ಜೀವನದಲ್ಲಿ ನನ್ನದೊಂದೇ ದೊಡ್ಡ ಕಥೆ ಅದು. ಬಿದ್ದೆ, ಮುಳುಗಿದೆ, ಉಸಿರು ಕಟ್ಟಿತು, ಮೇಲೆ ನೋಡಿದರೆ ಹಡಗಿನ ಹೊಟ್ಟೆ. ಅಷ್ಟರಲ್ಲಿ ರೇಡಿಯೇಟರು ಟಕ್ ಅಂತ ಆರಿತು. ನಾಲ್ಕು ಗಂಟೆ.

ಅರುವತ್ತಮೂರೂ ಜನ ಒಟ್ಟಿಗೆ ಎದ್ದು ಕೋಟು ಹಾಕಿಕೊಂಡು ಹೊರಟುಹೋದರು. ನಾನಿನ್ನೂ ನೀರಿನ ಕೆಳಗೇ ಇದ್ದೆ.