ಅರವತ್ತೈದು ಡಿಗ್ರಿಯ ಭಾವ

ನನ್ನ ಭಾವ ದೇವರನ್ನು ನಂಬುತ್ತಾರೆ, ಜಾತಕವನ್ನು ನಂಬುತ್ತಾರೆ, ಹವಾಮಾನ ವರದಿಯನ್ನೂ ನಂಬುತ್ತಾರೆ. ಅರವತ್ತೈದು ಡಿಗ್ರಿಗಿಂತ ಕೆಳಗಿಳಿದ ಸಾರನ್ನು ಮಾತ್ರ ನಂಬುವುದಿಲ್ಲ.

ಇವರು ನನ್ನ ಅಕ್ಕನ ಗಂಡ, ಧಾರವಾಡದ ಕಡೆಯವರು. ಸ್ಟುಟ್‌ಗಾರ್ಟ್‌ನಲ್ಲಿ ಕಾರಿನ ಬ್ರೇಕುಗಳನ್ನು ಪರೀಕ್ಷಿಸುವುದು ಉದ್ಯೋಗ. ವಾರವಿಡೀ ಬ್ರೇಕಿನಲ್ಲಿ ತಪ್ಪು ಹುಡುಕುವ ಮನುಷ್ಯನಿಗೆ ಶನಿವಾರ ಉಪ್ಪಿಟ್ಟನ್ನು ಒಪ್ಪಿಸಿದರೆ ಏನಾಗಬೇಕು? ಚಳಿಗಾಲದಲ್ಲಿ ತಿಂಗಳಿಗೊಂದು ಶನಿವಾರ ನಾವು ಕನ್ನಡದವರು ಸೇರಿ ಒಂದು ಚರ್ಚಿನ ಹಾಲ್‌ನಲ್ಲಿ ಅಡುಗೆ ಮಾಡಿ, ಬಂದವರಿಗೆಲ್ಲ ಉಚಿತವಾಗಿ ಬಡಿಸುತ್ತೇವೆ. ಅಡುಗೆಮನೆಯ ಸ್ವಚ್ಛತೆಯ ಜವಾಬ್ದಾರಿ ಯಾರಿಗೂ ಬೇಡವಾಗಿತ್ತು. ಭಾವ ಕೈ ಎತ್ತಿದರು. ನಾವು ಚಪ್ಪಾಳೆ ತಟ್ಟಿದೆವು. ಪಾಪ, ನಮಗೇನು ಗೊತ್ತಿತ್ತು?

ಮೊದಲು ಬಂದದ್ದು ಬೆಲೇರುಂಗ್. ಎಂ.ಟೆಕ್. ಮುಗಿಸಿದವರಿಗೆ ಕೈ ತೊಳೆಯುವುದನ್ನು ಕಲಿಸುವ ಸಭೆಗೆ ಜರ್ಮನ್ನರು ಇಟ್ಟಿರುವ ಹೆಸರು ಅದು. ಬಳೆ, ಉಂಗುರ ಬಿಚ್ಚಬೇಕು. ತಲೆಗೆ ಟೋಪಿ ಹಾಕಬೇಕು. ವಾಂತಿ-ಭೇದಿಯಾದವರು ವಾಸಿಯಾಗಿ ಎರಡು ದಿನ ಕಳೆಯುವವರೆಗೆ ಇತ್ತ ಸುಳಿಯಬಾರದು.

"ಈ ವಾರ ಯಾರಿಗರೆ ಹೊಟ್ಟಿ ಕೆಟ್ಟಿತ್ತೇನ್ರಿ?" ಎಂದು ಭಾವ ಎಲ್ಲರೆದುರು ಕೇಳಿದರು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಗಂಡನ ಮುಖ ನೋಡಿದಳು. ಗಂಡ ಮನೆಗೆ ಹೋದ.

ಆಮೇಲೆ ಅಲರ್ಜಿಯ ಚೀಟಿಗಳು. ಇಲ್ಲಿನ ಕಾನೂನಿನ ಪ್ರಕಾರ ಸಾಸಿವೆಯೂ ಅಲರ್ಜಿ ತರುವ ಪದಾರ್ಥ, ಹಾಕಿದ್ದರೆ ಬರೆದು ತಿಳಿಸಬೇಕು. ಒಗ್ಗರಣೆ ಬೀಳದ ಅಡುಗೆ ನಮ್ಮಲ್ಲಿ ಯಾವುದಿದೆ ಹೇಳಿ? ಪಲ್ಯದ ಮುಂದೆ 'ಸಾಸಿವೆ ಇದೆ', ಸಾರಿನ ಮುಂದೆ 'ಸಾಸಿವೆ ಇದೆ', ಚಿತ್ರಾನ್ನದ ಮುಂದೆ 'ಸಾಸಿವೆ ಇದೆ, ಕಡಲೆಬೀಜವೂ ಇದೆ' ಎಂದು ಜರ್ಮನ್‌ನಲ್ಲಿ ಚೀಟಿಗಳು ನಿಂತವು. ನೀರಿನ ಜಗ್ ಒಂದೇ ಬೋಳುಬೋಳಾಗಿ ಕಂಡಿತೋ ಏನೋ, ಅದಕ್ಕೂ ಒಂದು ಅಂಟಿಸಿದರು: 'ಸಾಸಿವೆ ಇಲ್ಲ'.

ಸೌಟಿನಿಂದ ಅಂಗೈಗೆ ಎರಡು ಹನಿ ಸಾರು ಬಿಟ್ಟುಕೊಂಡು ನೆಕ್ಕಿ ಉಪ್ಪು ನೋಡುವುದು ನಮ್ಮೆಲ್ಲರ ಹುಟ್ಟುಗುಣ. ಭಾವ ಅದನ್ನು ನಿಷೇಧಿಸಿದರು. ಇದರಿಂದ ಸಂತೋಷಪಟ್ಟವರು ಒಬ್ಬರೇ, ಮಗನ ಮನೆಗೆಂದು ಮೈಸೂರಿನಿಂದ ಬಂದಿದ್ದ ಒಬ್ಬ ತಾಯಿ. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಪದ್ಧತಿ ಅವರಲ್ಲಿ ಇರಲೇ ಇಲ್ಲ. ಇಬ್ಬರಿಗೂ ಒಂದು ತಾಸು ಚೆನ್ನಾಗಿ ಹೊಂದಿಕೆಯಾಯಿತು. ಆಮೇಲೆ ಭಾವ ಅವರ ಪಾಯಸಕ್ಕೆ ಥರ್ಮಾಮೀಟರ್ ಚುಚ್ಚಿದರು.

"ದೇವರಿಗೆ ತೋರಿಸೋಕೆ ಮುಂಚೆ ಎಂಜಲು ಮಾಡಿಬಿಟ್ರಲ್ಲಪ್ಪ," ಎಂದರು ಆ ತಾಯಿ.

"ಥರ್ಮಾಮೀಟರ್ ಉಣ್ಣಂಗಿಲ್ಲ ಬಿಡ್ರಿ ಅಮ್ಮಾ. ಎಂಜಲ ಹೆಂಗ ಆಗ್ತದ? ಸ್ಪಿರಿಟ್ ಹಚ್ಚಿ ಒರಸೇನಿ. ಇಲ್ಲಿರೋ ಎಲ್ಲಾರಕಿಂತ ಅದ ಹೆಚ್ಚು ಮಡಿ."

ಅವರು ಸ್ವಲ್ಪ ಯೋಚಿಸಿ, ಒಪ್ಪಿಕೊಂಡರು.

ಎಲ್ಲ ಕೆಟ್ಟದ್ದು ಬಿಸಿಬೇಳೆಬಾತಿನ ದಿನ. ನಮ್ಮ ಗುಂಪಿನ ಹಿರಿಯ ಗೆಳತಿಯೊಬ್ಬರು ನಸುಕಿಗೇ ಎದ್ದು ಮನೆಯಲ್ಲಿ ದೊಡ್ಡ ಪಾತ್ರೆ ತುಂಬ ಮಾಡಿ, ಎಸ್-ಬಾನ್ ಲೋಕಲ್ ರೈಲಿನಲ್ಲಿ ಹೊತ್ತು ತಂದಿದ್ದರು. ಭಾವ ಥರ್ಮಾಮೀಟರ್ ಇಳಿಸಿ ನೋಡಿದರು. ಬಾತು ಉಗುರು ಬೆಚ್ಚಗಿತ್ತು.

"ಅನ್ನ ಇಷ್ಟೊತ್ತು ಹಿಂಗ ಇದ್ರ ವಿಷ ಆಗ್ತದ. ಮತ್ತ ಕುದಿಸಿದ್ರೂ ಹೋಗಂಗಿಲ್ಲ. ಚೆಲ್ಲಬೇಕು," ಎಂದರು.

ಚೆಲ್ಲಿದರು. ಗೆಳತಿ ಅತ್ತರು. ಆ ದಿನ ಬಂದವರಿಗೆ ಬ್ರೆಡ್ಡು, ಪಲ್ಯ ಅಷ್ಟೇ. ಸಂಜೆ ವಾಟ್ಸಾಪ್‌ನಲ್ಲಿ ತೀರ್ಮಾನವಾಯಿತು: ಭಾವ ಇರುವುದಾದರೆ ಅರ್ಧ ಜನ ಇನ್ನು ಬರುವುದಿಲ್ಲ, ಅರ್ಧ ಜನ ಬಾರದಿದ್ದರೆ ಊಟ ನಿಲ್ಲುತ್ತದೆ. ಆದ್ದರಿಂದ ಭಾವ ಬಿಡಬೇಕು. ಹೇಳುವವರು ಯಾರು? 'ನಿಮ್ಮ ಭಾವ ತಾನೇ' ಎಂದು ನನ್ನ ತಲೆಗೆ ಕಟ್ಟಿದರು. ಅಕ್ಕ ಫೋನಿನಲ್ಲಿ, "ಹೇಳು, ಪರವಾಗಿಲ್ಲ. ಆದ್ರೆ ತಿಂಗಳೆಲ್ಲಾ ಅದೊಂದು ಶನಿವಾರಕ್ಕೆ ಕಾಯ್ತಾರೆ ಕಣೇ," ಎಂದಳು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ತಿಂಗಳ ಶನಿವಾರ ಹೇಳಿಯೇ ಬಿಡೋಣವೆಂದು ಅಡುಗೆಮನೆಯತ್ತ ಹೊರಟೆ. ಮೂಲೆಯ ಮೇಜಿನಲ್ಲಿ ಯಾವಾಗಲೂ ಒಂಟಿಯಾಗಿ ಕೂರುವ, ತಲೆಗೆ ಸ್ಕಾರ್ಫ್ ಕಟ್ಟಿದ ಜರ್ಮನ್ ಅಜ್ಜಿಯೊಬ್ಬರು ನನ್ನನ್ನು ತಡೆದರು.

"ಆ ಥರ್ಮಾಮೀಟರ್ ಯಜಮಾನರು ಇವತ್ತು ಬಂದಿದ್ದಾರಾ?"

ದೂರು ಹೇಳಲು ಇನ್ನೊಬ್ಬರು ಸಿಕ್ಕರು ಎಂದುಕೊಂಡು ಖುಷಿಯಿಂದ, "ಬಂದಿದ್ದಾರೆ, ಏನಾಯಿತು?" ಎಂದೆ.

"ಹಾಗಾದರೆ ಊಟ ಮಾಡುತ್ತೇನೆ," ಎಂದರು. ಆಮೇಲೆ ನಿಧಾನವಾಗಿ ಹೇಳಿದರು. ಅವರಿಗೆ ರಕ್ತದ ಕ್ಯಾನ್ಸರ್, ಚಿಕಿತ್ಸೆ ನಡೆಯುತ್ತಿದೆ. ನಮಗೆ ಒಂದು ದಿನದ ಹೊಟ್ಟೆನೋವು ತರುವ ಊಟ ಅವರ ಜೀವವನ್ನೇ ತೆಗೆಯಬಹುದು. ಆದ್ದರಿಂದ ಹೊರಗೆ ಎಲ್ಲೂ ತಿನ್ನುವುದಿಲ್ಲ. ಒಂದು ಶನಿವಾರ ಚಳಿಗೆ ಒಳಗೆ ಬಂದು ಕುಳಿತು ಭಾವನನ್ನು ನೋಡುತ್ತಿದ್ದು, ಕೊನೆಗೆ ಅವರ ಬಳಿ ಕಾಯಿಲೆಯ ವಿಷಯ ಹೇಳಿದರಂತೆ. ಅಂದಿನಿಂದ ಭಾವ ಇವರ ತಟ್ಟೆಯನ್ನು ಒಲೆಯಿಂದಲೇ ನೇರವಾಗಿ ತುಂಬಿ, ಹಸಿಯಾದ ಕೋಸಂಬರಿ ಬಿಟ್ಟು, ತಾವೇ ತಂದುಕೊಡುತ್ತಾರಂತೆ.

"ವರ್ಷದಲ್ಲಿ ನಾನು ನಾಲ್ಕು ಜನರ ನಡುವೆ ಕೂತು ಉಣ್ಣುವುದು ಇಲ್ಲಿ ಮಾತ್ರ," ಎಂದರು.

ಭಾವ ಮೊದಲಿನಿಂದಲೂ ಹೀಗೇ, ಅಜ್ಜಿ ಬಾರದಿದ್ದರೂ ಜಗ್ಗಿಗೆ ಚೀಟಿ ಅಂಟಿಸುತ್ತಿದ್ದರು. ಅದರಲ್ಲಿ ಅನುಮಾನ ಬೇಡ. ಆದರೆ ಇಷ್ಟೆಲ್ಲ ಬೈಸಿಕೊಳ್ಳುವಾಗ ಈ ಒಂದು ಮಾತನ್ನು ಆಡಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಆಡಲಿಲ್ಲ. ನಾನು ಬಾಗಿಲಲ್ಲೇ ನಿಂತು ಗುಂಪಿಗೆ ಬರೆದೆ: 'ನಾನು ಹೇಳುವುದಿಲ್ಲ. ಬಿಟ್ಟು ಹೋಗುವವರ ಕೆಲಸವನ್ನೂ ನಾನೇ ಮಾಡುತ್ತೇನೆ.'

ಭಾವ ಸಾರಿನ ಮುಂದೆ ನಿಂತಿದ್ದರು.

"ಅಜ್ಜಿ ವಿಷಯ ನಮಗ್ಯಾಕೆ ಹೇಳಲಿಲ್ಲ ಭಾವ?"

"ಅದು ಆಕಿ ಜಡ್ಡು. ನಾ ಯಾಕ ಊರಿಗೆಲ್ಲಾ ಹೇಳ್ಲಿ ತಂಗಿ?" ಎಂದು ಅಜ್ಜಿಯ ತಟ್ಟೆ ತುಂಬಿ ನನ್ನ ಕಡೆ ಚಾಚಿದರು. "ಇವತ್ತ ನೀ ಒಯ್ದು ಕೊಡು. ಕೈ ತೊಳ್ಕೊಂಡಿಯಲ್ಲ?"

ತೊಳೆದುಕೊಂಡಿದ್ದೆ. ಆದರೆ ಕಣ್ಣು ತುಂಬಿ ಬಂತು, ಬೆರಳಿನಿಂದ ಒರೆಸಿಕೊಂಡೆ.

ಭಾವ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು.

"ಮುಖ ಮುಟ್ಟಿದಿ. ಮತ್ತ ತೊಳಿ."