ಅತ್ತೆ ಎದ್ದು ನಿಲ್ಲುವ ಹಾಡು

ನಮ್ಮ ಸೋದರತ್ತೆಯನ್ನು ಕುರ್ಚಿಯಲ್ಲಿ ಕೂಡಿಸುವುದು ಸುಲಭ. ಕೂತಲ್ಲೇ ಉಳಿಸುವುದು ಮಾತ್ರ ಇಡೀ ಕಲಬುರಗಿಯಲ್ಲಿ ಯಾರಿಂದಲೂ ಆಗಿಲ್ಲ! ಮಂಡಿನೋವಿನ ಡಾಕ್ಟರೂ ಸೋತಿದ್ದಾರೆ.

ಕಾರಣ ಒಂದು ಹಳೆಯ ಸಿನಿಮಾ ಹಾಡು. ಊರಿಗೆಲ್ಲ ಅದು ಮರ ಸುತ್ತುವ ಪ್ರೇಮಗೀತೆ, ಅತ್ತೆಗೆ ಮಾತ್ರ ಯುದ್ಧಗೀತೆ. ಎಪ್ಪತ್ತೊಂದರ ಯುದ್ಧ ನಡೆದಾಗ ಅವರು ಕಮಲಾಪುರದ ಶಾಲೆಯಲ್ಲಿದ್ದರು. ಸೈನಿಕರ ಮೇಲೆ ಒಂದು ಹಾಡು ಕಟ್ಟಿರೆಂದು ಗುರುಗಳು ಹುಡುಗಿಯರಿಗೆ ಹೇಳಿದರಂತೆ. ಪದ ಕಟ್ಟಿದ್ದು ಅತ್ತೆ. ರಾಗ ಎಲ್ಲಿಂದ ತರಬೇಕು? ಊರಿಗೆ ಬಂದಿದ್ದ ಟೂರಿಂಗ್ ಟಾಕೀಸಿನಿಂದ ದಿನವೂ ಕಿವಿಗೆ ಬೀಳುತ್ತಿದ್ದದ್ದು ಅದೊಂದೇ! ನಾಯಕಿಯ ಕಣ್ಣಿದ್ದ ಜಾಗಕ್ಕೆ ಗಡಿ ಬಂತು, ಮುಂಗುರುಳಿದ್ದಲ್ಲಿ ಬಂದೂಕು. ಹುಡುಗಿಯರು ಓಣಿ ಓಣಿ ತಿರುಗಿ ಹಾಡಿದರು. ಅಂದಿನಿಂದ ಆ ರಾಗ ಎಲ್ಲಿ ಕೇಳಿದರೂ ಅತ್ತೆ ಎದ್ದು, ಕೈ ಇಳಿಬಿಟ್ಟು, ಮುಗಿಯುವವರೆಗೆ ನೆಟ್ಟಗೆ ನಿಲ್ಲುತ್ತಾರೆ.

ನಾನು ತಪ್ಪದೆ ಡೈರಿ ಬರೆಯುವವಳು. ಅತ್ತೆ ನಿಂತಾಗಲೆಲ್ಲ ತಾರೀಖು ಹಾಕಿ ಗೀಟು ಎಳೆಯುತ್ತೇನೆ. ಈ ವರ್ಷ ಆಟೋದಲ್ಲಿ ಎರಡು ಸಲ (ತಲೆಗೆ ಪೆಟ್ಟೂ ಎರಡು!), ಗಾಜಿಪುರದ ಟೇಲರ್ ಅಂಗಡಿಯಲ್ಲಿ ಒಂದು ಸಲ. ಹಲ್ಲಿನ ಡಾಕ್ಟರ ಬಳಿಯಂತೂ ಬಾಯಿ ತೆರೆದುಕೊಂಡೇ ಎದ್ದರು.

"ಭಾಳ ನೋವಾತೇನ್ರಿ?" ಎಂದು ಡಾಕ್ಟರು ಗಾಬರಿಯಾದರು.

"ನಿಮ್ಮ ಟಿವಿ ಹಾಡು ಹಾಡ್ಲಕತ್ತದ್ರಿ, ಮುಗೀಲಿ," ಎಂದೆ ನಾನು.

ಮುಗಿಯಿತು. ಡಾಕ್ಟರು ಮೊದಲು ಟಿವಿ ಆರಿಸಿದರು, ಆಮೇಲೆ ಹಲ್ಲು ಕಿತ್ತರು!

ಅಕ್ಕನನ್ನು ನೋಡಲು ಗಂಡಿನವರು ಬಂದ ದಿನ ಇನ್ನೂ ಚೆಂದ. ಗಂಡಿನ ತಂದೆಯ ಮೊಬೈಲು ಕೂಗಿತು. ಅದೇ ರಾಗ! ಅತ್ತೆ ಎದ್ದರು. ತಮಗೇ ಮರ್ಯಾದೆ ಕೊಟ್ಟರೆಂದು ತಿಳಿದು ಅವರೂ ಎದ್ದರು. ಹಿರಿಯರು ಎದ್ದ ಮೇಲೆ ಉಳಿದವರು ಕೂಡುವುದುಂಟೇ?

"ಕೂಡ್ರಿ ಅಕ್ಕೋರ, ನಮಗ್ಯಾಕ ಇಷ್ಟು ಮರ್ಯಾದಿ!"

"ನಿಮಗಲ್ರೀ. ನೀವು ಮೊದಲ ಫೋನ್ ಎತ್ತರಿ!"

ಅಕ್ಕ ತಂದ ಚಹಾ ತಣ್ಣಗಾಯಿತು. ಗಂಡಿನವರು ನಕ್ಕು ನಕ್ಕು ಸುಸ್ತಾದರು, ಸಂಬಂಧವೂ ಕುದುರಿತು. ಆದರೆ ಅಕ್ಕ ನಗಲಿಲ್ಲ.

"ಅತ್ತಿ, ಮದುವ್ಯಾಗ ಬ್ಯಾಂಡಿನವ್ರು ಆ ಹಾಡು ಬಾರಸೇ ಬಾರಸ್ತಾರ. ಅವತ್ತೊಂದಿನ ನಿಂದ್ರಬ್ಯಾಡ. ನಾಕ ಮಂದ್ಯಾಗ ನಗಿಗೇಡು ಆಗ್ತದ."

"ಆಯ್ತವ್ವಾ, ಕೂಡ್ತೀನಿ. ಮಾತು ಕೊಟ್ಟೆ."

ಅಷ್ಟು ಬೇಗ ಒಪ್ಪಿದ್ದೇ ನಮಗೆ ಹೆದರಿಕೆ ಹುಟ್ಟಿಸಿತು. "ಅಷ್ಟಕ್ಕೂ ಯಾಕ ನಿಂದರ್ತಿ ಅತ್ತಿ?" ಎಂದೆ. ಇಷ್ಟು ವರ್ಷ ಗೀಟು ಎಳೆದಿದ್ದೆ, ಇದೊಂದು ಕೇಳಿರಲಿಲ್ಲ.

"ಒಂದು ಬಾಗಲ ಮುಂದ ಹಾಡಿದ್ವಿ. ಆ ಮನಿ ಮಗ ಲಡಾಯಿಗಿ ಹೋದಾಂವ ವಾಪಸ್ ಬರಲಿಲ್ಲ. ಅವರವ್ವ ಹೊಸ್ತಿಲದಾಗ ಹಾಡು ಮುಗಿಯೋತನ ನಿಂತಿದ್ಲು. ಅಕಿ ನಿಂತಾಳ, ನಾ ಹ್ಯಾಂಗ ಕೂಡ್ಲಿ?"

ಅಕ್ಕ ಒಳಗೆ ಹೋದಳು.

ಮದುವೆ ಸೇಡಂ ರಸ್ತೆಯ ಕಲ್ಯಾಣ ಮಂಟಪದಲ್ಲಿ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಬ್ಯಾಂಡಿನವರು ಕ್ಲಾರಿನೆಟ್ ಎತ್ತಿದರು. ಅದೇ ರಾಗ! ಅತ್ತೆ ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದರು. ಕೂತೇ ಇದ್ದರು. ಸೀರೆಯ ಕೆಳಗೆ ಎರಡೂ ಪಾದ ಮಾತ್ರ ಜೋಡಿಯಾಗಿದ್ದವು.

ವೇದಿಕೆಯ ಮೇಲಿನಿಂದ ಅಕ್ಕ ಅದನ್ನು ನೋಡಿದಳು. ನೋಡಿ, ಬಾಸಿಂಗ ಸರಿಮಾಡಿಕೊಂಡು ಎದ್ದು ನಿಂತಳು!

ಮದುಮಗಳು ಎದ್ದಳೆಂದರೆ ಮಂದಿ ಏನು ತಿಳಿಯಬೇಕು? ಅಕ್ಷತೆಯ ಅಕ್ಕಿಕಾಳು ಹಾಕುವ ಹೊತ್ತಾಯಿತೆಂದು ಮಂಟಪಕ್ಕೆ ಮಂಟಪವೇ ಎದ್ದಿತು. ಕಮಲಾಪುರದ ಕಾಕಾ ತಾವು ತಂದ ಕೆಂಬಾಳೆಯ ಗೊನೆಯನ್ನು ಎದೆಗವಚಿಕೊಂಡೇ ಎದ್ದರು. ಅವಸರದವರು ಅಕ್ಕಿಕಾಳು ಎರಚಿಯೂ ಬಿಟ್ಟರು. "ಇನ್ನಾ ಟೈಮ್ ಆಗಿಲ್ರೀ!" ಎಂದು ಮದುವೆ ಮಾಡಿಸುವ ಸ್ವಾಮಿಗಳು ಕೂಗಿದ್ದು ಕ್ಲಾರಿನೆಟ್ಟಿನಲ್ಲಿ ಯಾರಿಗೆ ಕೇಳಬೇಕು!

ಇಡೀ ಮಂಟಪದಲ್ಲಿ ಕೂತವರೆಂದರೆ ನಮ್ಮ ಅತ್ತೆ ಒಬ್ಬರೇ.

"ಏಳ ಅತ್ತಿ, ಎಲ್ಲಾರೂ ನಿಂತಾರ," ಎಂದು ಕೈಹಿಡಿದು ಎಳೆದೆ.

"ಸುಮ್ನಿರು. ಮಾತು ಕೊಟ್ಟೀನಿ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ವೇದಿಕೆಯತ್ತ ಗದ್ದ ಎತ್ತಿದರು. "ಅಲ್ನೋಡು, ನಮ್ಮ ಹುಡುಗಿ ಹ್ಯಾಂಗ ನೆಟ್ಟಗ ನಿಂತಾಳ!"