ಬೊಳ್ಳುವಿನ ಕಾಲಿಗೆ ಭಾರಹರ ಪಟ್ಟಿ

“ಕಾಲಿಗೆ ಪೆಟ್ಟಾದ್ರೆ ನಡೀಲಿಕ್ಕೆ ನೋವು ಯಾಕೆ ಹೇಳಿ, ಕಮಲಕ್ಕ? ಮೈಯ ಭಾರ ಬೀಳ್ತದೆ, ಅದಕ್ಕೆ. ಆ ಭಾರವನ್ನೇ ತೆಗೆದ್ರೆ?” ಎನ್ನುತ್ತ ಸಂಜೀವ ಬೆರಳಗಲದ ಹೊಳೆಯುವ ಪಟ್ಟಿಯೊಂದನ್ನು ಎತ್ತಿ ಹಿಡಿದ.

ಕಮಲಕ್ಕ ಪಟ್ಟಿಯನ್ನು ನೋಡಲಿಲ್ಲ, ಅವನ ಮುಖ ನೋಡಿದರು. ಪಕ್ಕದ ಮನೆಯ ಈ ಸಂಜೀವನಿಗೆ ಬಂದರಿನಲ್ಲಿ ತಕ್ಕಡಿ ರಿಪೇರಿಯ ಅಂಗಡಿ. ಬಿಡುವಾದಾಗ ಯಂತ್ರ ಕಂಡುಹಿಡಿಯುವ ಹುಚ್ಚು. ಅವನ ಹಿಂದಿನ ತೆಂಗಿನಕಾಯಿ ತುರಿಯುವ ಯಂತ್ರ ಕಾಯಿ ಮುಗಿದ ಮೇಲೆ ಅವನ ಲುಂಗಿಯನ್ನೂ ತುರಿದು ರಾಶಿ ಹಾಕಿತ್ತು.

ಆದರೆ ಇವತ್ತು ಕಮಲಕ್ಕನಿಗೆ ಕೈಕಾಲು ಆಡುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವರ ಮಾತಿಗೆ ಎದುರು ಮಾತಾಡುವ ಒಂದೇ ಜೀವ ಬೊಳ್ಳು ಬೆಕ್ಕು. ಅದು ನಿನ್ನೆ ಮುಂಗಾಲು ಎತ್ತಿಕೊಂಡು ಕುಂಟುತ್ತ ಬಂದಿತ್ತು. ಬಂಗುಡೆ ಮೀನಿನ ತಲೆ ಇಟ್ಟರೂ ಮೂಸಲಿಲ್ಲ. ಕಾಲು ಮುಟ್ಟಹೋದರೆ ಪರಚಿತು. ಹಳೇ ಸೀರೆ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ ಅದನ್ನು ಮಲಗಿಸಿ, ಪ್ರಾಣಿಗಳ ಡಾಕ್ಟರ ಬಾಗಿಲು ತೆರೆಯುವುದನ್ನೇ ಅವರು ಕಾಯುತ್ತಿದ್ದರು.

“ತೆಗೆದ ಭಾರ ಎಲ್ಲಿಗೆ ಹೋಗ್ತದೆ?” ಕಮಲಕ್ಕ ಕೇಳಿದರು.

“ಎಲ್ಲಿಗೂ ಇಲ್ಲ. ಮಾಯ ಆಗ್ತದೆ.”

“ಹಾಗೆ ಮಾಯ ಆಗುದಿಲ್ಲ ಮಾರಾಯ. ನಾನು ಮೀನು ತಗೊಳ್ಳುವವಳು. ತೂಕ ಕಮ್ಮಿ ಬಂತು ಅಂದ್ರೆ ಅದು ಬೇರೆ ಯಾರದ್ದೋ ಬುಟ್ಟಿಯಲ್ಲಿ ಉಂಟು ಅಂತ ಅರ್ಥ.”

“ಇದು ವಿಜ್ಞಾನ ಕಮಲಕ್ಕ, ಮೀನು ಮಾರ್ಕೆಟ್ ಅಲ್ಲ,” ಎಂದು ಸಂಜೀವ ಬೊಳ್ಳುವಿನ ಕುತ್ತಿಗೆಗೆ ಪಟ್ಟಿ ಸುತ್ತಿಯೇಬಿಟ್ಟ. ತನ್ನ ಮಣಿಕಟ್ಟಿನಲ್ಲಿದ್ದ ಗಡಿಯಾರದಂಥದ್ದರ ತಿರುಪನ್ನು ತಿರುಗಿಸಿದ.

ಬೊಳ್ಳು ಪೆಟ್ಟಿಗೆಯಿಂದ ಮೆಲ್ಲನೆ ಎದ್ದಿತು. ಕಾಲೂರಿ ಅಲ್ಲ, ಹೊಗೆ ಏಳುವ ಹಾಗೆ. ಮಾಡಿನ ತೊಲೆಗೆ ಹೋಗಿ ಬೆನ್ನು ತಾಗಿಸಿ, ಅಲ್ಲಿಂದ ಇಬ್ಬರನ್ನೂ ನೋಡಿ ಬುಸುಗುಟ್ಟಿತು.

“ನೋಡಿ, ಕಾಲಿನ ಮೇಲೆ ಒಂದು ಚೂರು ಭಾರ ಉಂಟಾ?”

“ಕಾಲಿನ ಕೆಳಗೆ ನೆಲವೂ ಇಲ್ಲವಲ್ಲ. ಇಳಿಸು.”

ತಿರುಪು ಸಿಕ್ಕಿಹಾಕಿಕೊಂಡಿತ್ತು. ಪಟ್ಟಿ ಬಿಚ್ಚಹೋದರೆ ಬೊಳ್ಳು ಪರಚುತ್ತಿತ್ತು. ಕಡೆಗೆ ಪಟ್ಟಿಗೆ ನೂಲು ಕಟ್ಟಿ, ಬಲೂನಿನಂತೆ ಬೊಳ್ಳುವನ್ನು ಹಿಡಿದುಕೊಂಡು ಕಮಲಕ್ಕ ಡಾಕ್ಟರಲ್ಲಿಗೆ ಹೊರಟರು. ಹಿಂದೆ ಸಂಜೀವ ಧಪ್ ಧಪ್ ಎಂದು ಹೆಜ್ಜೆ ಹಾಕುತ್ತಿದ್ದ.

“ಏದುಸಿರು ಯಾಕೆ ಬಿಡ್ತಿ?”

“ಬಿಸಿಲು.”

“ಮೋಡ ಕವಿದಿದೆ ಸಂಜೀವ,” ಎನ್ನುತ್ತ ಕಮಲಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಡಾಕ್ಟರ್ ಜೆಸಿಂತಾ ಬೊಳ್ಳುವನ್ನು ತೂಕದ ಯಂತ್ರದ ಮೇಲೆ ಒತ್ತಿ ಹಿಡಿದರು, ಕೈ ಬಿಟ್ಟರು. ಯಂತ್ರ ಸೊನ್ನೆ ತೋರಿಸಿತು. ಬೊಳ್ಳು ಮೇಲಕ್ಕೆ ಹೋಯಿತು.

“ಕಾಲು ಮುಟ್ಟಬೇಕಾದ್ರೆ ಮೊದಲು ಮಂಪರಿನ ಇಂಜೆಕ್ಷನ್ ಕೊಡಬೇಕು. ಅದು ತೂಕ ನೋಡಿ ಕೊಡುದು ಅಮ್ಮ. ತೂಕವೇ ಇಲ್ಲದ ಬೆಕ್ಕಿಗೆ ನಾನು ಎಷ್ಟು ಕೊಡ್ಲಿ?”

ಕಮಲಕ್ಕ ಸಂಜೀವನತ್ತ ತಿರುಗಿದರು. “ನೀನು ಹತ್ತು ಅದ್ರ ಮೇಲೆ.”

ಅವನು ಹತ್ತಿದ. ಎಪ್ಪತ್ತೊಂಬತ್ತು.

“ಮೊನ್ನೆ ನಿನ್ನ ಅಂಗಡಿಯಲ್ಲಿ ಎಪ್ಪತ್ತೈದು ಅಂತ ಬೀಗ್ತಿದ್ದಿಯಲ್ಲ. ನನ್ನ ಬೆಕ್ಕಿನ ತೂಕ ನಿನ್ನ ಹತ್ರ ಉಂಟು. ವಾಪಸ್ ಕೊಡು.”

ಸಂಜೀವ ಕೆಂಪಾದ. ಹಲ್ಲು ಕಚ್ಚಿ ತಿರುಪನ್ನು ಹಿಂದಕ್ಕೆ ತಿರುಗಿಸಿದ. ಅದು ಸಡಿಲವಾಯಿತು, ಗಿರಗಿರನೆ ಸುತ್ತಿತು, ಕಿತ್ತು ಕೈಗೆ ಬಂತು. ಬೊಳ್ಳು ಕೆಳಗಿಳಿದು ಮೇಜಿನ ಮೇಲೆ ಕುಳಿತಿತು. ಮೇಜು ಕಿರ್ರೆಂದು ಬಾಗಿತು. ಸಂಜೀವನ ಕಾಲು ನೆಲ ಬಿಟ್ಟಿತು. ಅವನು ಒಂದು ಕೈಯಲ್ಲಿ ಲುಂಗಿ, ಇನ್ನೊಂದರಲ್ಲಿ ಫ್ಯಾನಿನ ರೆಕ್ಕೆ ಹಿಡಿದುಕೊಂಡ.

ಎಪ್ಪತ್ತೊಂಬತ್ತು ಕಿಲೋ ತೂಗುವ ಬೊಳ್ಳುವಿಗೆ ಪರಚಲು ಉಗುರು ಎತ್ತಲೂ ಆಗಲಿಲ್ಲ. ಡಾಕ್ಟರು ಟಾರ್ಚ್ ಹಿಡಿದು ಪಾದದ ಮೆತ್ತೆಯನ್ನು ಬಿಡಿಸಿ ನೋಡಿದರು.

“ಮೂಳೆ ಮುರಿದಿಲ್ಲ ಅಮ್ಮ. ಗಾಳದ ಮುಳ್ಳು ಹೊಕ್ಕಿದೆ. ಇನ್ನು ಎರಡು ದಿನ ಬಿಟ್ಟಿದ್ರೆ ಕೀವಾಗಿ ಕಾಲೇ ಹೋಗ್ತಿತ್ತು.” ಮರಗಟ್ಟುವ ಮದ್ದು ಹಚ್ಚಿ, ಚಿಮಟದಲ್ಲಿ ಮುಳ್ಳು ತೆಗೆದರು. ಬೊಳ್ಳು ಕಮಲಕ್ಕನನ್ನು ನೋಡಿ ಎದುರು ಮಾತಾಡಿತು. ಕಮಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಕಮಲಕ್ಕ, ಪಟ್ಟಿ ಬಿಚ್ಚಿ, ನಾನು ಇಳೀತೇನೆ,” ಮೇಲಿನಿಂದ ದನಿ ಬಂತು.

“ಬಿಚ್ಚಲಾ ಅಮ್ಮ?” ಡಾಕ್ಟರು ಕೇಳಿದರು.

“ಗಾಯ ತೊಳೆದು ಬ್ಯಾಂಡೇಜು ಕಟ್ಟಿ ಆಗಲಿ ಡಾಕ್ಟ್ರೇ. ಬೊಳ್ಳು ಇಷ್ಟು ಹೊತ್ತು ಒಂದು ಕಡೆ ಕೂತದ್ದು ಇದೇ ಮೊದಲು. ಆ ಫ್ಯಾನಿನ ಸ್ವಿಚ್ಚು ಮಾತ್ರ ಯಾರೂ ಮುಟ್ಟಬೇಡಿ.”